‘ಒನ್ಸ್ ಇನ್ ಎ ಬ್ಲೂ ಮೂನ್’ ನನ್ನ ಮಾತಿಗೆ ಬಂದದ್ದು ಹೀಗೆ

ಈ ನುಡಿಗಟ್ಟಿಗೆ ‘ತೀರಾ ಅಪರೂಪಕ್ಕೆ’ ಎಂಬ ಅರ್ಥ ಯಾವ ನಿಘಂಟಿನಲ್ಲೂ ಸಿಗುತ್ತದೆ. ನನಗೆ ಬೇಕಿದ್ದದ್ದು ಅದನ್ನು ತಡವರಿಸದೆ ಬಳಸುವುದು. ಅದಕ್ಕೆ ಅರ್ಥವೊಂದೇ ಸಾಲದು ಅಲ್ವಾ?

ಓದುವಾಗಲೋ ಸಂದರ್ಶನ ಕೇಳುವಾಗಲೋ ಎದುರಾದಾಗಲೆಲ್ಲ ಇಡೀ ವಾಕ್ಯವನ್ನು ಬರೆದಿಟ್ಟುಕೊಂಡೆ. ಅದರ ಹಿಂದಿನ, ಮುಂದಿನ ವಾಕ್ಯಗಳನ್ನೂ ಬಿಡಲಿಲ್ಲ. ಪುಟ ತುಂಬಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಓದಿದೆ. ಆಗ ಅದರ ನಡೆ ಕಾಣತೊಡಗಿತು.

ಹೆಚ್ಚಾಗಿ ಅದು ವಾಕ್ಯದ ಕೊನೆಗೆ ಬರುತ್ತದೆ: ‘ಹಿ ಕಾಲ್ಸ್ ಅಸ್ ಒನ್ಸ್ ಇನ್ ಎ ಬ್ಲೂ ಮೂನ್.’ ಆಗಾಗ ಅದರ ಹಿಂದೆ ‘ಓನ್ಲಿ’ ಇರುತ್ತದೆ. ‘ಎ’ ತೆಗೆದು ‘ದಿ’ ಹಾಕುವಂತಿಲ್ಲ. ‘ರೇರ್ಲಿ’ಯನ್ನು ಜೊತೆಗೆ ಸೇರಿಸಿದರೆ ಒಂದೇ ಮಾತು ಎರಡು ಸಲ ಆಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಇದು ವಿರಳವಾದರೂ ಮತ್ತೆ ನಡೆಯಬಹುದಾದ ವಿಷಯಕ್ಕೆ ಸಲ್ಲುತ್ತದೆ. ಜೀವನದಲ್ಲಿ ಒಂದೇ ಸಲ ಸಿಗುವ ಅವಕಾಶಕ್ಕೆ ‘ಒನ್ಸ್ ಇನ್ ಎ ಲೈಫ್‌ಟೈಮ್’ ಇದೆ. ಮೇಲಿನ ಫೋನ್ ವಾಕ್ಯವನ್ನೇ ನೋಡಿ. ಅವನು ಫೋನ್ ಮಾಡುವುದೇ ಇಲ್ಲ ಎಂದಲ್ಲ, ಇನ್ನೂ ಜಾಸ್ತಿ ಮಾಡಬಾರದೇ ಎಂಬ ಸಣ್ಣ ಆಸೆ ಅಲ್ಲಿ ಕೇಳಿಸುತ್ತದೆ. ಇದು ಆಪ್ತ ಮಾತಿನ ಧಾಟಿ. ಅದಕ್ಕೇ ಗೆಳೆಯರಿಗೆ ಬರೆಯುವಾಗ ಧಾರಾಳವಾಗಿ ಬಳಸುತ್ತೇನೆ, ವರದಿ ಅಥವಾ ಅರ್ಜಿಯಲ್ಲಿ ‘ರೇರ್ಲಿ’ ಸಾಕು.

ಚಂದ್ರನ ಲೆಕ್ಕವನ್ನೂ ನೋಡಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಹಾಗಾಗಿ ಕೆಲವೊಮ್ಮೆ ಒಂದೇ ಕ್ಯಾಲೆಂಡರ್ ತಿಂಗಳಲ್ಲಿ ಎರಡು ಹುಣ್ಣಿಮೆ ಬರುತ್ತವೆ. ಎರಡನೆಯದನ್ನು ಈಗ ಬ್ಲೂ ಮೂನ್ ಎನ್ನುತ್ತಾರೆ. ಸರಾಸರಿ ಎರಡೂವರೆ, ಮೂರು ವರ್ಷಕ್ಕೊಮ್ಮೆ ಬರುವ ಈ ಚಂದ್ರನ ಬಣ್ಣವೇನೂ ನೀಲಿಯಲ್ಲ. 2018ರಲ್ಲಿ ಜನವರಿ, ಮಾರ್ಚ್ ಎರಡರಲ್ಲೂ ಬಂದಿತ್ತು, ನಡುವಿನ ಫೆಬ್ರವರಿಯಲ್ಲಿ ಹುಣ್ಣಿಮೆಯೇ ಇರಲಿಲ್ಲ! ಆದರೆ ಹೀಗೆ ಹೆಸರಿಡುವುದು ಶುರುವಾದದ್ದು 1946ರ ಒಂದು ಪತ್ರಿಕಾ ಲೇಖನದಿಂದ. ನುಡಿಗಟ್ಟು ಅದಕ್ಕಿಂತ ಹಳೆಯದು. ಆದ್ದರಿಂದ ಮಾತಿನಲ್ಲಿ ವರ್ಷಗಳನ್ನು ಎಣಿಸಬೇಕಿಲ್ಲ. ಆರು ತಿಂಗಳಿಗೊಮ್ಮೆ ಈಜಲು ಹೋಗುವವರೂ ಹೀಗೆ ಹೇಳಬಹುದು.

ಆಮೇಲೆ ನನ್ನ ದಿನಚರಿಯ ನಿಜ ಸಂಗತಿಗಳನ್ನೇ ಇಟ್ಟುಕೊಂಡು ವಾಕ್ಯ ಕಟ್ಟಿದೆ, ಜೋರಾಗಿ ಹೇಳಿಕೊಂಡೆ. ನಿಜವಾದದ್ದು ನಾಲಿಗೆಗೆ ಬೇಗ ಬರುತ್ತದೆ. ಪ್ರಶ್ನೆಗಳನ್ನೂ ಹಾಕಿಕೊಂಡೆ. ‘ಡು ಯು ಸ್ಟಿಲ್ ಸ್ವಿಮ್?’ ಎಂದು ಯಾರಾದರೂ ಕೇಳಿದರೆ ಪೂರ್ತಿ ವಾಕ್ಯವೇ ಬೇಡ. ‘ಒನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಉತ್ತರ ಮುಗಿಯಿತು.