ಮೂರು ಮರ ಈಚೆ, ಹತ್ತು ಮರ ಆಚೆ

ಫೋಟೋದಲ್ಲಿ 'ಬ್ಯಾಕ್ ಬ್ಲರ್ ಬೇಕು', ಅಂದರೆ ಆಳು ಸ್ಪಷ್ಟ, ಹಿನ್ನೆಲೆ ಮಂಜು ಇರಬೇಕು ಅನ್ನದ ಗಿರಾಕಿ ಈಗ ನಮ್ಮ ಕಾಸರಗೋಡಿನ ಬದಿಯಡ್ಕದಲ್ಲೂ ಇಲ್ಲ, ಪೆರ್ಲದಲ್ಲೂ ಇಲ್ಲ. ತುಳುವಿನಲ್ಲಿ ಮಾತಾಡುವವರಾಗಲಿ ಮಲಯಾಳದಲ್ಲಿ ಮಾತಾಡುವವರಾಗಲಿ, ಆ ಎರಡು ಶಬ್ದ ಮಾತ್ರ ಒಂದೇ. ನನ್ನ ಹತ್ತಿರ ಇದ್ದದ್ದು ಕೆನಾನ್ 1300ಡಿ ಕ್ಯಾಮೆರಾ, ಅದರೊಟ್ಟಿಗೆ ಬಂದ 18-55 ಮತ್ತು 55-250 ಎಂಎಂ ಜೂಮ್ ಲೆನ್ಸುಗಳು. "ಇದರಲ್ಲಿ ಎಂತ ಬ್ಲರ್ ಬರ್ತದೆ ಮಾರಾಯ? ಮೊದಲು ಒಂದು 50 ಎಂಎಂ ತೆಗೊ" ಎಂದು ನನಗೆ ಕೆಲಸ ಕಲಿಸಿದ ಸ್ಟುಡಿಯೋದ ಅಣ್ಣನೇ ನಕ್ಕಿದ್ದರು.

ತೆಗೆದುಕೊಳ್ಳಲಿಲ್ಲ, ದಿನಕ್ಕೆ 300 ರೂಪಾಯಿ ಬಾಡಿಗೆಗೆ ತಂದೆ. ಒಂದು ನಾಮಕರಣದ ಕೆಲಸ. ಲೆನ್ಸಿನ ಕಂಡಿ (ಅಪರ್ಚರ್) ಪೂರ್ತಿ ತೆರೆದು, 1.8ರಲ್ಲೇ ಇಟ್ಟು ಇಡೀ ದಿನ ಒತ್ತಿದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲ ಚಂದವೇ. ಆಲ್ಬಮಿಗೆ ದೊಡ್ಡದು ಮಾಡುವಾಗ ಗೊತ್ತಾಯಿತು: ಅಜ್ಜಿಯ ಮೂಗುತಿ ಪಳಪಳ, ತೊಡೆಯ ಮೇಲಿದ್ದ ಮಗುವಿನ ಕಣ್ಣು ಮಂಜು. ಮನೆಯವರು 2,000 ರೂಪಾಯಿ ಹಿಡಿದುಕೊಂಡೇ ಬಾಕಿ ಕೊಟ್ಟರು. ಕೇಳುವ ಮುಖ ನನಗಿರಲಿಲ್ಲ.

ಮತ್ತೆ ಕಂಪ್ಯೂಟರಿನಲ್ಲಿ ಬ್ಲರ್ ಮಾಡಿ ನೋಡಿದೆ. ಮದುಮಗಳ ಜಡೆಯ ಮಲ್ಲಿಗೆಯ ಅಂಚು ಅರ್ಧ ಕರಗಿ, ತಲೆಯ ಸುತ್ತ ಒಂದು ಬಿಳಿ ಗೆರೆ ಉಳಿಯಿತು. ಆಲ್ಬಮ್ ಪ್ರಿಂಟ್ ಮಾಡುವವನೇ ಫೋನ್ ಮಾಡಿ, "ಇದು ಹೀಗೇ ಇರಬೇಕಾ?" ಎಂದು ಕೇಳಿದ. ಆಮೇಲೆ 4,500ಕ್ಕೆ ಹಳೇ ರಷ್ಯನ್ ಹೀಲಿಯೋಸ್ ಲೆನ್ಸೊಂದನ್ನು ತರಿಸಿದೆ. ಬ್ಲರ್ ಬಂತು, ಸುಳ್ಳು ಹೇಳಬಾರದು. ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ತಿರುಗಿಸುವಷ್ಟರಲ್ಲಿ ನಗು ಮುಗಿದಿರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೆ ಫಂಗಸ್. ನಮ್ಮ ಊರಿನ ಆಟಿ ತಿಂಗಳ ಮಳೆ ಗೊತ್ತಲ್ಲ!

ಉಪಾಯ ಸಿಕ್ಕಿದ್ದು ಮಾವನ ಅಡಿಕೆ ತೋಟದಲ್ಲಿ. 55-250ನ್ನು ಪೂರ್ತಿ ಜೂಮ್ ಮಾಡಿ, 250ರಲ್ಲಿ ಒಂದು ಪಿಕಳಾರ ಹಕ್ಕಿ ತೆಗೆದಿದ್ದೆ, ಹಿಂದೆ ಹಸಿರು ಬಣ್ಣ ಬಳಿದ ಹಾಗೆ ನುಣ್ಣಗೆ ಬಂದಿತ್ತು. ಹಕ್ಕಿಗೆ ಬರುವುದು ಮನುಷ್ಯರಿಗೆ ಯಾಕೆ ಬರಬಾರದು? ಮಾವನ ಮಗಳನ್ನು ಮರಕ್ಕೆ ಒರಗಿಸಿ, ಓರೆಯಾಗಿ ನಿಂತು ತೆಗೆದೆ. ಹಿಂದೆ ಎರಡು ಮರದ ದೂರದಲ್ಲೇ ಸಾಲು ಕಾಂಡ, ಜೈಲಿನ ಕಂಬಿಯ ಹಾಗೆ. "ಭಾವ, ನನ್ನನ್ನು ಯಾವ ಕೇಸಿನಲ್ಲಿ ಒಳಗೆ ಹಾಕಿದಿರಿ?" ಎಂದಳು.

ಮಾರನೇ ದಿನ ಅವಳನ್ನು ಎರಡು ಸಾಲಿನ ನಡುವೆ ನಿಲ್ಲಿಸಿದೆ. ನಮ್ಮಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ, ಅಂದರೆ ಟೇಪೇ ಬೇಡ. ನಾನು ಮೂರು ಮರ ಈಚೆ, ಸುಮಾರು 8 ಮೀಟರ್. ಕ್ಯಾಮೆರಾ ನಿಲುವಾಗಿ, 250ರಲ್ಲಿ, ಕಂಡಿ 5.6, ಎದೆಮಟ್ಟದ ಫ್ರೇಮು. ಲೆನ್ಸಿನ ನೋಟ ಕಿರಿದಾದ್ದರಿಂದ ಹಿಂದೆ ಹತ್ತು ಮರದ ತನಕ ಪಕ್ಕದ ಕಾಂಡಗಳು ಒಳಗೆ ಬರುವುದೇ ಇಲ್ಲ, ಅದರಾಚೆಯವು ಹೊಗೆಯ ಹಾಗೆ ಕರಗುತ್ತವೆ. ಸೋಗೆಯ ಎಡೆಯ ಬಿಸಿಲು ಒಂದೊಂದೂ ಉರುಟು ಬೆಳಕು. ಮೂಗಿನಿಂದ ಕಿವಿಯ ಓಲೆಯವರೆಗೆ ಎಲ್ಲ ಸ್ಪಷ್ಟ: ಇಲ್ಲಿ ಫೋಕಸ್ ಒಂದು ಗೇಣು ಸಿಗುತ್ತದೆ, 50ರ 1.8ರಲ್ಲಿ ಇದೇ ಫ್ರೇಮಿಗೆ ನಾಲ್ಕು ಬೆರಳು.

ಅಣ್ಣ ನಂಬಲಿಲ್ಲ, ಮೆಮೊರಿ ಕಾರ್ಡು ಹಾಕಿ ತೋರಿಸಬೇಕಾಯಿತು. ನಂಬದವರು ಭಾಗಿಸಿ ನೋಡಿ: 250ನ್ನು 5.6ರಿಂದ ಭಾಗಿಸಿದರೆ ಸುಮಾರು 45, 50ನ್ನು 1.8ರಿಂದ ಭಾಗಿಸಿದರೆ 28. ಅದೇ ಕಂಡಿಯ ಅಗಲ, ಮಿಲಿಮೀಟರಿನಲ್ಲಿ. ದೂರದ ಹಿನ್ನೆಲೆಗೆ ದೊಡ್ಡ ಅಂಕೆಯೇ ಗೆಲ್ಲುವುದು. ಆದರೆ ಹಿನ್ನೆಲೆ ಮೂರು ಮರದೊಳಗೆ ಇದ್ದರೆ 50ರದ್ದೇ ಮೇಲುಗೈ. ಮುರಕಲ್ಲಿನ ಗೋಡೆಗೆ ಒರಗಿಸಿ ಬ್ಲರ್ ಕೇಳುವವರಿಗೆ ನನ್ನ ಹತ್ತಿರ ಮದ್ದಿಲ್ಲ.

ಕಷ್ಟ ಇಲ್ಲ ಅಂತಲ್ಲ. ತೋಟದ ನೆರಳಲ್ಲಿ ಶಟರ್ ವೇಗ 1/250 ಸೆಕೆಂಡಿನ ಕೆಳಗೆ ಇಳಿಸಿದರೆ ಕೈ ಅಲುಗಿದ್ದು ಫೋಟೋದಲ್ಲಿ ಕಾಣುತ್ತದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ 1600ಕ್ಕೆ ಏರಲೇಬೇಕು, ಸ್ವಲ್ಪ ಮರಳು ಮರಳು ಕಾಣುತ್ತದೆ. ಪ್ರಿಂಟಿನಲ್ಲಿ ಯಾರೂ ಕೇಳಲಿಲ್ಲ. ಪೂರ್ತಿ ಆಳು ಬೇಕಾದರೆ ಎಂಟು ಮರ ಹಿಂದೆ ಹೋಗಬೇಕು. ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹಿಂದೆ ಹಿಂದೆ ನಡೆದು ಒಮ್ಮೆ ತೋಟದ ನೀರು ಹೋಗುವ ಕಣಿಗೆ ಬಿದ್ದೆ, ಕ್ಯಾಮೆರಾ ಮೇಲೆತ್ತಿ ಹಿಡಿದಿದ್ದೆ, ಸೊಂಟಕ್ಕೆ ಒಂದು ವಾರ ಎಣ್ಣೆ. ಅಷ್ಟು ದೂರದಿಂದ ಬೊಬ್ಬೆ ಹಾಕುವುದಕ್ಕಿಂತ ಮದುಮಗನ ಕಿಸೆಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಮಾತಾಡುತ್ತೇನೆ. ನೆರಳಲ್ಲಿ ಮುಖಕ್ಕೆ ಬೆಳಕು ಹೇಗೆ ಕೊಡುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. 60 ರೂಪಾಯಿಯ ಸಾಮಾನು, ಅಷ್ಟು ಸಾಕು.

ಮಧ್ಯೆ ಮದುವೆ ಕಾಗದದ ದಪ್ಪ ರಟ್ಟಿಗೆ ಕಪ್ಪು ಬಳಿದು, ನಡುವೆ ಹೃದಯದ ಆಕಾರ ಕತ್ತರಿಸಿ ಲೆನ್ಸಿನ ಮುಂದೆ ಕಟ್ಟಿದೆ. ಊರ ದೀಪೋತ್ಸವದಲ್ಲಿ ಹಿಂದಿನ ಹಣತೆಗಳೆಲ್ಲ ಹೃದಯವಾದವು. ಅದೇ ರಟ್ಟು 18-55ಕ್ಕೆ ಕಟ್ಟಿದರೆ ಏನೂ ಇಲ್ಲ. ಅದರ ಕಂಡಿ 10 ಮಿಲಿಮೀಟರ್ ಕೂಡ ಇಲ್ಲವಲ್ಲ, ಆಕಾರ ಅದಕ್ಕಿಂತ ಸಣ್ಣದಾಗಬೇಕು. ಇನ್ನೊಮ್ಮೆ ಜೋಡಿಯ ಹಿಂದೆ, ಬಿಸಿಲಿಗೆ ಎದುರಾಗಿ, ಸ್ಪ್ರಿಂಕ್ಲರ್ ಬಿಡಿಸಿದೆ. ಹನಿಹನಿಯೂ ಬೆಳ್ಳಿ ನಾಣ್ಯ! ಐದು ನಿಮಿಷಕ್ಕೆ ಕರೆಂಟು ಹೋಯಿತು, ಸಿಕ್ಕಿದ್ದು ಹನ್ನೊಂದು ಫೋಟೋ. ಅದರಲ್ಲೊಂದು ಈಗ ಅಣ್ಣನ ಸ್ಟುಡಿಯೋದ ಗೋಡೆಯಲ್ಲೇ ಉಂಟು.

ಕಳೆದ ಸೀಸನಿನಲ್ಲಿ ತೋಟದಲ್ಲೇ ಹದಿನೈದೋ ಹದಿನಾರೋ ಜೋಡಿ ಆದವು. ಮಾವ ಈಗ ಗಂಟೆಗೆ 300 ಕೇಳುತ್ತಾರೆ. ಹೋಗಲಿ ಅಂದರೆ, ಮೊನ್ನೆ ಸಾಲಿನ ನಡುವೆ ಉದ್ದಕ್ಕೂ ಬಾಳೆ ನೆಟ್ಟಿದ್ದಾರೆ. ಬೇರೆ ತೋಟ ಹುಡುಕುತ್ತಿದ್ದೇನೆ.