ವಾತ್ಸಲ್ಯ ಅನುದಾನ ಬೇಕಿದ್ದರೆ: ಸ್ಥಳೀಯ ಸಂಸ್ಥೆಗಳು ಕಡತ ಕಟ್ಟುವ ಬಗೆ

ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೆಲಸಕ್ಕೆ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ದುಡ್ಡು ಬೇಕು ಅಂದುಕೊಂಡ ಸಂಸ್ಥೆಗಳು ಮೊದಲು ಮಾಡುವುದು ಪ್ರಸ್ತಾವನೆ ಬರೆಯುವ ಕೆಲಸ. ಅದನ್ನು ಕೊನೆಗಿಟ್ಟುಕೊಳ್ಳಿ. ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಿ: ನಮ್ಮ ಜಿಲ್ಲೆಯಲ್ಲಿ ಯಾವ ಘಟಕದ (ಮಕ್ಕಳ ಗೃಹ, ತಂಗುದಾಣದಂಥ ಸೇವೆಯ) ಕೊರತೆ ಇದೆ, ಮುಂದಿನ ವರ್ಷದ ಜಿಲ್ಲಾ ಯೋಜನೆಯಲ್ಲಿ ಅದನ್ನು ಸೇರಿಸುತ್ತೀರಾ? ಸೇರಿಸುವುದಿಲ್ಲ ಎಂದಾದರೆ ಐವತ್ತು ಪುಟದ ಪ್ರಸ್ತಾವನೆಯೂ ಕಪಾಟು ಸೇರುತ್ತದೆ.

ಯಾಕೆಂದರೆ ಈ ಹಣ ಸಂಸ್ಥೆಯ ಹೆಸರಿಗೆ ನೇರವಾಗಿ ದೆಹಲಿಯಿಂದ ಬರುವಂಥದ್ದಲ್ಲ. 2009-10ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಾಗಿ ಶುರುವಾಗಿ ಈಗ ಮಿಷನ್ ವಾತ್ಸಲ್ಯ ಎನಿಸಿಕೊಂಡಿರುವ ಯೋಜನೆಯ ಮಾರ್ಗಸೂಚಿ 2022ರಲ್ಲಿ ಹೊರಬಂತು. ಕರ್ನಾಟಕದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಜಿಲ್ಲೆಯ ಬೇಡಿಕೆ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿ ರಾಜ್ಯದ ವಾರ್ಷಿಕ ಯೋಜನೆಗೆ ಸೇರುತ್ತದೆ, ಕೇಂದ್ರ ಸಚಿವಾಲಯದ ಯೋಜನಾ ಅನುಮೋದನಾ ಮಂಡಳಿ ಒಪ್ಪಿದ ಮೇಲೆ ಅನುದಾನ ಮರಳಿ ರಾಜ್ಯದ ಮೂಲಕ ಕೆಳಗಿಳಿಯುತ್ತದೆ. ಹೊಸ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ನವೆಂಬರ್-ಡಿಸೆಂಬರ್‌ನಲ್ಲೇ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯ ಮೇಜಿನ ಮೇಲೆ ನಿಮ್ಮ ಪತ್ರ ಇರಬೇಕು. ಮಾರ್ಚ್‌ನಲ್ಲಿ ಹೋದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಯಾವುದಕ್ಕೆ ಕೊಡುತ್ತಾರೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಸ್ವಯಂಸೇವಾ ಸಂಸ್ಥೆಗಳು ನಡೆಸಬಹುದಾದ ಘಟಕಗಳಲ್ಲಿ ಮುಖ್ಯವಾದವು ಮಕ್ಕಳ ಗೃಹ, ತೆರೆದ ತಂಗುದಾಣ (ಬೀದಿಯಲ್ಲಿರುವ ಮಕ್ಕಳಿಗೆ ಅಲ್ಪಾವಧಿಯ ಆಸರೆ), ವಿಶೇಷ ದತ್ತು ಸಂಸ್ಥೆ. ಶಾಲೆಗಳಲ್ಲಿ ಬೀದಿನಾಟಕ, ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆ) ಅರಿವು ಶಿಬಿರ, ಭಿತ್ತಿಪತ್ರ ಇಷ್ಟೇ ನಿಮ್ಮ ಕೆಲಸವಾದರೆ ಘಟಕದ ಅನುದಾನಕ್ಕೆ ಅರ್ಜಿ ಹಾಕಿ ಕಾಯಬೇಡಿ. ಜಿಲ್ಲಾ ಘಟಕದ ತರಬೇತಿಗಳಿಗೆ ಸಂಪನ್ಮೂಲ ಸಂಸ್ಥೆಯಾಗಿ ಕಾರ್ಯಾದೇಶ ಕೇಳಿ, ಇಲ್ಲವೇ ಮಕ್ಕಳ ಹಕ್ಕುಗಳ ಗ್ರಾಮಸಭೆಯಲ್ಲಿ ವಿಷಯ ಎತ್ತಿ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಿ. ಇನ್ನೊಂದು ದಾರಿಯನ್ನು ಬಹಳ ಮಂದಿ ಮರೆಯುತ್ತಾರೆ. ಪ್ರಾಯೋಜಕತ್ವ, ಅಂದರೆ ಮಗು ಕುಟುಂಬದಲ್ಲೇ ಉಳಿಯಲು ಕೊಡುವ ನೆರವಿನಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ. ಈ ಹಣ ಸಂಸ್ಥೆಯ ಕೈಗೆ ಬರುವುದಿಲ್ಲ, ಆದರೆ ಮಗು ಮನೆ ಬಿಟ್ಟು ದುಡಿಮೆಗೋ ಬಾಲ್ಯವಿವಾಹಕ್ಕೋ ಬೀಳದಂತೆ ತಡೆಯಲು ಇದರಷ್ಟು ನೇರವಾದ ಸಾಧನ ಬೇರೊಂದು ಕಾಣುವುದಿಲ್ಲ. ಅರ್ಜಿ ತುಂಬಿಸಿ, ಆದಾಯ ಪ್ರಮಾಣಪತ್ರ ಜೋಡಿಸಿ, ಮಕ್ಕಳ ಕಲ್ಯಾಣ ಸಮಿತಿಯವರೆಗೆ (ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ಆದೇಶ ಕೊಡುವ ಜಿಲ್ಲಾ ಸಮಿತಿ) ತಲುಪಿಸುವ ಕೆಲಸವನ್ನು ಕಟ್ಟಡವಿಲ್ಲದ ಸಣ್ಣ ಸಂಸ್ಥೆಯೂ ಮಾಡಬಹುದು. ಹಾಗೆ ಮಾಡಿದ ಸಂಸ್ಥೆಯ ಹೆಸರು ಜಿಲ್ಲಾ ಘಟಕದವರಿಗೆ ನೆನಪಿರುತ್ತದೆ.

ಕಾಯ್ದೆಯ ನೋಂದಣಿ

ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಘಟಕ ಬಾಲನ್ಯಾಯ ಕಾಯ್ದೆ 2015ರ ಕಲಂ 41ರಡಿ ನೋಂದಣಿಯಾಗಲೇಬೇಕು, ಅನುದಾನ ಬೇಕಿರಲಿ ಬೇಡದಿರಲಿ. ಟ್ರಸ್ಟ್ ಡೀಡ್ ಇದೆ, ಸಂಘದ ನೋಂದಣಿ ಇದೆ ಎಂದರೆ ಸಾಲದು. ನೋಂದಣಿ ಇಲ್ಲದೆ ನಡೆಸಿದರೆ ಕಲಂ 42ರ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಅರ್ಜಿ ಹಾಕುವುದು ತಡವಾದ ಪ್ರತಿ 30 ದಿನವೂ ಪ್ರತ್ಯೇಕ ಅಪರಾಧ.

ಅರ್ಜಿಯನ್ನು ಈ ಕಾಯ್ದೆಯಡಿಯ 2016ರ ಮಾದರಿ ನಿಯಮಗಳ ನಮೂನೆ 27ರಲ್ಲಿ ಕೊಡಬೇಕು. 2021ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿಯ ಶಿಫಾರಸು ನೋಡಿಯೇ ಸರ್ಕಾರ ನೋಂದಣಿ ಕೊಡುವುದು, ಹಾಗಾಗಿ ಸ್ಥಳ ಪರಿಶೀಲನೆ ಆಗಿಯೇ ಆಗುತ್ತದೆ. ಅರ್ಜಿ ಕೊಟ್ಟ ಒಂದು ತಿಂಗಳೊಳಗೆ ತಾತ್ಕಾಲಿಕ ನೋಂದಣಿ ಸಿಗಬೇಕು, ಅದು ಗರಿಷ್ಠ ಆರು ತಿಂಗಳು ನಡೆಯುತ್ತದೆ. ತಿಂಗಳೊಳಗೆ ಅದೂ ಬರದಿದ್ದರೆ ಅರ್ಜಿಯ ಸ್ವೀಕೃತಿಯನ್ನೇ ಆರು ತಿಂಗಳ ತಾತ್ಕಾಲಿಕ ನೋಂದಣಿ ಎಂದು ಕಾಯ್ದೆ ಒಪ್ಪುತ್ತದೆ. ಆದ್ದರಿಂದ ಅರ್ಜಿ ಕೊಟ್ಟು ಕೈಬೀಸಿಕೊಂಡು ಬರಬೇಡಿ. ಎರಡನೇ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ, ಸಂಖ್ಯೆ ಮೂರೂ ಹಾಕಿಸಿಕೊಳ್ಳಿ. ಪೂರ್ಣ ನೋಂದಣಿ ಐದು ವರ್ಷದ್ದು.

ಕಟ್ಟಡದ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. 50 ಮಕ್ಕಳ ಗೃಹಕ್ಕೆ ಮಾದರಿ ನಿಯಮಗಳು ಹೇಳುವುದು 25 ಮಕ್ಕಳಿಗೊಂದರಂತೆ 1,000 ಚದರ ಅಡಿಯ ಎರಡು ಮಲಗುವ ಕೋಣೆ, ಅಂದರೆ ಮಗುವಿಗೆ 40 ಚದರ ಅಡಿ. ಅಡುಗೆಮನೆ 250, ಊಟದ ಹಾಲ್ 800, ಆಪ್ತಸಮಾಲೋಚನೆಗೆ ಪ್ರತ್ಯೇಕ ಕೋಣೆ 120 ಚದರ ಅಡಿ, ಐದು ಸ್ನಾನದ ಮನೆ, ಎಂಟು ಶೌಚಾಲಯ. ಬಾಡಿಗೆ ಕಟ್ಟಡ ನೋಡಲು ಹೋದಾಗ ಟೇಪ್ ಹಿಡಿದೇ ಹೋಗಿ. ಹೆಚ್ಚು ಸಿಕ್ಕಿಬೀಳುವುದು ಶೌಚಾಲಯದ ಲೆಕ್ಕದಲ್ಲಿ ಮತ್ತು ಆಪ್ತಸಮಾಲೋಚನಾ ಕೋಣೆಯಲ್ಲಿ. ಕಚೇರಿಯ ಮೂಲೆಗೊಂದು ಪರದೆ ಕಟ್ಟಿ ‘ಕೌನ್ಸೆಲಿಂಗ್’ ಎಂದು ಫಲಕ ತೂಗುಹಾಕಿದರೆ ಯಾವ ತಂಡವೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಕಾಗದಪತ್ರ

ಕಡತ ವಾಪಸಾಗುವುದು ದೊಡ್ಡ ಕಾರಣಕ್ಕಲ್ಲ, ಹೆಸರಿನ ಕಾರಣಕ್ಕೆ. ಸಂಘದ ನೋಂದಣಿ ಪತ್ರದಲ್ಲಿ ‘ಸೇವಾ ಸಂಸ್ಥೆ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಸೇವಾ ಸಂಸ್ಥೆ (ರಿ)’, ಪ್ಯಾನ್ ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರದ ಮತ್ತೊಂದು ಕಾಗುಣಿತ. ನಮಗೆ ಮೂರೂ ಒಂದೇ, ಗಣಕಕ್ಕೆ ಮೂರೂ ಬೇರೆ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ವಿಶಿಷ್ಟ ಸಂಖ್ಯೆ ಪಡೆಯುವಾಗಲೇ ಈ ಗಂಟು ಎದುರಾಗುತ್ತದೆ, ಆಮೇಲೆ ಸರ್ಕಾರದ ಹಣ ಪಾವತಿ ಜಾಲತಾಣವಾದ ಪಿಎಫ್ಎಂಎಸ್‌ನಲ್ಲಿ ಬ್ಯಾಂಕ್ ಖಾತೆ ತಾಳೆ ನೋಡುವಾಗ ಮತ್ತೆ. ನೋಂದಣಿ ಪತ್ರದಲ್ಲಿರುವ ಹೆಸರನ್ನೇ ಮೂಲವೆಂದಿಟ್ಟುಕೊಂಡು ಪ್ಯಾನ್, ಖಾತೆ, ಮೊಹರು, ಲೆಟರ್‌ಹೆಡ್ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಇದಕ್ಕೇ ಒಂದೆರಡು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ.

ಉಳಿದಂತೆ ಕಡತದಲ್ಲಿ ಇರಬೇಕಾದ್ದು: ಬೈಲಾ, ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ಮತ್ತು ವಾರ್ಷಿಕ ವರದಿ, ಪದಾಧಿಕಾರಿಗಳ ಪಟ್ಟಿ, ಅರ್ಜಿ ಹಾಕಲು ಆಡಳಿತ ಮಂಡಳಿ ಕೈಗೊಂಡ ನಿರ್ಣಯದ ನಡವಳಿ, ಆದಾಯ ತೆರಿಗೆ ವಿನಾಯಿತಿಯ ನೋಂದಣಿ (12ಎ ಎಂದೇ ಪರಿಚಿತ), ಕಟ್ಟಡದ ಬಾಡಿಗೆ ಕರಾರು, ಅಗ್ನಿಶಾಮಕ ಮತ್ತು ಕಟ್ಟಡ ಸುರಕ್ಷತೆಯ ಪತ್ರ. ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಪ್ರತಿವರ್ಷ ನೋಂದಣಾಧಿಕಾರಿಗೆ ಲೆಕ್ಕ ಮತ್ತು ಸದಸ್ಯರ ಪಟ್ಟಿ ಸಲ್ಲಿಸಿರಬೇಕು. ನಾಲ್ಕೈದು ವರ್ಷ ಸಲ್ಲಿಸದೆ ಬಿಟ್ಟವರು ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಪಟ್ಟಿಯಲ್ಲಿ ತೀರಿಹೋದ ಖಜಾಂಚಿಯ ಹೆಸರು ಇನ್ನೂ ಇದ್ದರೆ ಬ್ಯಾಂಕ್ ಸಹಿಯಿಂದ ಹಿಡಿದು ಎಲ್ಲವೂ ನಿಲ್ಲುತ್ತದೆ.

ಮಕ್ಕಳ ರಕ್ಷಣಾ ನೀತಿಯನ್ನು ಬೇರೆಯವರದು ನಕಲು ಮಾಡಿ ಅಂಟಿಸುವ ಚಾಳಿ ಇದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಕಡ್ಡಾಯ, ಅದೂ ಆಗಾಗ್ಗೆ. ಅಡುಗೆಯವರು, ರಾತ್ರಿ ಕಾವಲುಗಾರ, ವಾರಕ್ಕೊಮ್ಮೆ ಬರುವ ಯೋಗ ಶಿಕ್ಷಕ ಯಾರನ್ನೂ ಬಿಡುವಂತಿಲ್ಲ. ದೂರು ಬಂದರೆ ಯಾರು, ಯಾವ ಠಾಣೆಗೆ ತಿಳಿಸಬೇಕು ಎಂಬುದು ಹೆಸರು, ಫೋನ್ ಸಂಖ್ಯೆ ಸಮೇತ ನೀತಿಯಲ್ಲಿ ಇರಲಿ. ತನ್ನ ಅಧೀನದವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಕಲಂ 21ರಡಿ ಒಂದು ವರ್ಷದವರೆಗೆ ಶಿಕ್ಷೆ ಇದೆ.

ಪ್ರಸ್ತಾವನೆ

ಈಗ ಬರೆಯಿರಿ, ಹತ್ತು-ಹನ್ನೆರಡು ಪುಟ ಸಾಕು. ‘ದೇಶದಲ್ಲಿ ಮಕ್ಕಳ ಸ್ಥಿತಿಗತಿ’ ಎಂಬ ಪೀಠಿಕೆಯನ್ನು ಯಾರೂ ಓದುವುದಿಲ್ಲ. ಬೇಕಿರುವುದು ನಿಮ್ಮ ತಾಲ್ಲೂಕಿನ ಅಂಕಿ: ಕಳೆದ ವರ್ಷ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬಂದ ಮಕ್ಕಳೆಷ್ಟು, ಅವರಲ್ಲಿ ಬೇರೆ ಜಿಲ್ಲೆಯ ಗೃಹಕ್ಕೆ ಕಳಿಸಬೇಕಾದವರೆಷ್ಟು, ರೈಲು ನಿಲ್ದಾಣ-ಬಸ್ ನಿಲ್ದಾಣದಲ್ಲಿ ಸಿಕ್ಕವರೆಷ್ಟು, ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆಗಳೆಷ್ಟು. ಸಮಿತಿ, ವಿಶೇಷ ಮಕ್ಕಳ ಪೊಲೀಸ್ ಘಟಕ, ಕಾರ್ಮಿಕ ಇಲಾಖೆ ಮೂರೂ ಕಡೆ ಲಿಖಿತವಾಗಿ ಕೇಳಿ ಪಡೆಯಿರಿ. ಮಕ್ಕಳ ಹೆಸರು, ಫೋಟೊ, ಗುರುತು ಹತ್ತುವ ವಿವರ ಬೇಡವೇ ಬೇಡ. ಬಾಲನ್ಯಾಯ ಕಾಯ್ದೆಯ ಕಲಂ 74 ಅದನ್ನು ಪ್ರಕಟಿಸುವುದನ್ನೇ ನಿಷೇಧಿಸುತ್ತದೆ.

ಆಯವ್ಯಯದಲ್ಲಿ ಯೋಜನೆಯ ದರಪಟ್ಟಿ ಬಿಟ್ಟು ಒಂದು ರೂಪಾಯಿ ಆಚೀಚೆ ಹೋಗಬೇಡಿ. ದರಪಟ್ಟಿಯ ಸಂಬಳಕ್ಕೆ ಒಳ್ಳೆಯ ಆಪ್ತಸಮಾಲೋಚಕರು ಸಿಗುವುದಿಲ್ಲ ಎಂಬುದು ನಿಜ, ಆದರೆ ಹೆಚ್ಚುವರಿ ಮೊತ್ತವನ್ನು ಸಂಸ್ಥೆಯ ಸ್ವಂತ ಮೂಲದಿಂದ ಎಂದು ಬೇರೆ ಸಾಲಿನಲ್ಲಿ ತೋರಿಸಿ. ಮೊದಲ ಕಂತು ತಡವಾದರೂ ಸಂಬಳ, ರೇಷನ್ ನಡೆಸಲು ಕನಿಷ್ಠ ಆರು ತಿಂಗಳ ಖರ್ಚು ನಿಮ್ಮ ಕೈಯಲ್ಲಿರಬೇಕು. ಅಷ್ಟಿಲ್ಲದ ಸಂಸ್ಥೆ ಗೃಹ ತೆರೆಯುವ ಸಾಹಸಕ್ಕೆ ಇಳಿಯದಿರುವುದೇ ಮಕ್ಕಳಿಗೆ ಮಾಡುವ ಉಪಕಾರ.

ಹಣ ಬಂದ ಮೇಲೆ

ಎರಡನೇ ಕಂತು ನಿಲ್ಲುವುದು ಇಲ್ಲಿ. ಅನುದಾನಕ್ಕೆ ಪ್ರತ್ಯೇಕ ಖಾತೆ ಇರಲಿ, ದಾನಿಗಳ ಹಣ ಅದರಲ್ಲಿ ಬೆರೆಯಬಾರದು. ಖಾತೆಯಲ್ಲಿ ಹುಟ್ಟಿದ ಬಡ್ಡಿ ಸಂಸ್ಥೆಯದಲ್ಲ, ಸರ್ಕಾರದ್ದು. ಪಾಸ್‌ಬುಕ್ಕಿನಲ್ಲಿ 1,860 ರೂಪಾಯಿ ಬಡ್ಡಿ ಇದ್ದು ಬಳಕೆ ಪ್ರಮಾಣಪತ್ರದಲ್ಲಿ (ಅನುದಾನ ಹೇಗೆ ಖರ್ಚಾಯಿತೆಂದು ಸರ್ಕಾರಕ್ಕೆ ಕೊಡುವ ಪತ್ರ) ಸೊನ್ನೆ ಇದ್ದರೆ ಅಷ್ಟಕ್ಕೇ ಅದು ಆಕ್ಷೇಪಣೆಯೊಂದಿಗೆ ಹಿಂದಿರುಗುತ್ತದೆ.

ಊಟೋಪಚಾರದ ಲೆಕ್ಕವನ್ನು ಮಂಜೂರಾದ ಸಂಖ್ಯೆಗಲ್ಲ, ಹಾಜರಾತಿಗೆ ತಕ್ಕಂತೆ ಇಡಿ. 25 ಮಕ್ಕಳ ತಂಗುದಾಣದಲ್ಲಿ 30 ದಿನದ ತಿಂಗಳು ಸರಾಸರಿ 18 ಮಕ್ಕಳಿದ್ದರೆ ಲೆಕ್ಕ 540 ಮಗು-ದಿನದ್ದು, 750ರದ್ದಲ್ಲ. ಹಾಜರಿ ಪುಸ್ತಕದಲ್ಲಿ 25 ಎಂದು ಬರೆದು ಹಾಲಿನ ಬಿಲ್ಲು ದಿನಕ್ಕೆ ಎರಡು ಲೀಟರ್ ಎಂದಿದ್ದರೆ ಪರಿಶೀಲನೆಗೆ ಬಂದವರು ಬೇರೇನೂ ನೋಡಬೇಕಿಲ್ಲ. ಪ್ರತಿ ಮಗುವಿಗೂ ಸಮಿತಿಯ ಆದೇಶದ ಪ್ರತಿ ಇರಬೇಕು. ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿ ಮುಂದೆ ಹಾಜರುಪಡಿಸದೆ ಇಟ್ಟುಕೊಂಡರೆ ಆ ಮಗುವಿನ ಖರ್ಚು ತಿರಸ್ಕೃತವಾಗುವುದಲ್ಲದೆ ನೋಂದಣಿಗೇ ಕುತ್ತು ಬರುತ್ತದೆ.

ಬಳಕೆ ಪ್ರಮಾಣಪತ್ರವನ್ನು ಮಾರ್ಚ್ 31ರ ನಂತರ ಲೆಕ್ಕಪರಿಶೋಧಕರು ಬಿಡುವಾಗುವವರೆಗೆ ಕಾಯದೆ, ತಿಂಗಳ ಖರ್ಚುಪಟ್ಟಿಯಿಂದಲೇ ಕಟ್ಟುತ್ತ ಬನ್ನಿ. ಹಳೆಯ ಕಂತಿನದು ಬಾಕಿ ಇದ್ದರೆ ಹೊಸದು ಬಿಡುಗಡೆಯಾಗುವುದಿಲ್ಲ, ಮತ್ತು ನಿಮ್ಮೊಬ್ಬರ ಬಾಕಿಯಿಂದ ಇಡೀ ಜಿಲ್ಲೆಯ ಬಿಡುಗಡೆ ತಡವಾಗುವುದೂ ಉಂಟು. ಅನುದಾನದಿಂದ ಕೊಂಡ ಮಂಚ, ಫ್ರಿಜ್, ಗಣಕಯಂತ್ರಗಳನ್ನು ಆಸ್ತಿ ವಹಿಯಲ್ಲಿ ಸಂಖ್ಯೆ ಹಾಕಿ ಬರೆದಿಡಿ. ಅನುಮತಿ ಇಲ್ಲದೆ ಅವನ್ನು ಮಾರುವಂತಿಲ್ಲ, ಹಳೆಯ ಮಂಚವನ್ನು ಗುಜರಿಗೆ ಹಾಕುವುದಕ್ಕೂ ಪತ್ರ ಬರೆಯಬೇಕು.