ಡೆಬಿಯನ್ 13 ಹಾಕಿದ ದಿನ ಟಿಎಂಪಿ ಖಾಲಿ

ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 13ನೇ ಆವೃತ್ತಿ, ಅಂದರೆ ‘ಟ್ರಿಕ್ಸಿ’, 2025ರ ಆಗಸ್ಟ್ 9ಕ್ಕೆ ಬಂತು. ನಾನು ಎರಡು ತಿಂಗಳು ಸುಮ್ಮನಿದ್ದೆ. ಹೊಸದು ಬಂದ ದಿನವೇ ಹಾಕಿಕೊಳ್ಳುವ ಚಟ ಬಿಟ್ಟು ಬಹಳ ವರ್ಷವಾಯಿತು. ಲ್ಯಾಪ್‌ಟಾಪ್‌ನಲ್ಲಿದ್ದ 12, ‘ಬುಕ್‌ವರ್ಮ್’, ಚೆನ್ನಾಗೇ ಓಡುತ್ತಿತ್ತು.

ಒಂದು ಭಾನುವಾರ ಕೂತೆ. ಹೋಮ್ ಫೋಲ್ಡರ್ ಪೂರ್ತಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿದೆ. ಬಾಕಿ ಇದ್ದ ಅಪ್‌ಡೇಟ್ ಮುಗಿಸಿ, ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಕಟ್ಟುಗಳನ್ನು) ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ಫೈಲಿನಲ್ಲಿ ‘ಬುಕ್‌ವರ್ಮ್’ ಇದ್ದ ಕಡೆಯೆಲ್ಲ ‘ಟ್ರಿಕ್ಸಿ’ ಎಂದು ಬದಲಿಸಿದೆ. ನೇರವಾಗಿ ಫುಲ್-ಅಪ್‌ಗ್ರೇಡ್ ಕೊಡಲಿಲ್ಲ. ಮೊದಲು ಹೊಸ ಪ್ಯಾಕೇಜ್ ಸೇರಿಸದೆ ಇದ್ದವನ್ನಷ್ಟೇ ಏರಿಸುವ ಅಪ್‌ಗ್ರೇಡ್, ಆಮೇಲೆ ಫುಲ್. ಡೆಬಿಯನ್‌ನವರು ಹೇಳುವ ಕ್ರಮವೇ ಅದು. ನಡುವೆ ಕೆಲವು ಕಡೆ ಹಳೆ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್ ಇರಲಾ, ಹೊಸದು ಹಾಕಲಾ ಎಂದು ಕೇಳಿತು. ನಾನು ತಿದ್ದಿದ್ದು ನೆನಪಿದ್ದ ಕಡೆ ಹಳೆಯದು, ಉಳಿದ ಕಡೆ ಹೊಸದು.

ರೀಬೂಟ್ ಆಯಿತು. ಡೆಸ್ಕ್‌ಟಾಪ್ ಗ್ನೋಮ್ 48, ಸಿಸ್ಟಂನ ತಿರುಳಾದ ಕರ್ನಲ್ 6.12. ವೈಫೈ ಸಿಕ್ಕಿತು. ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಕೆ, ಎಫ್, ಟಿ ಒತ್ತಿದೆ, ‘ಕ್ತ’ ಬಂತು. ಸಮಾಧಾನ.

ಆಮೇಲೆ ನೋಡಿದರೆ ಟಿಎಂಪಿ, ಅಂದರೆ ತಾತ್ಕಾಲಿಕ ಫೈಲ್‌ಗಳ ಫೋಲ್ಡರ್, ಖಾಲಿ! ನನ್ನದೊಂದು ಕೆಟ್ಟ ಅಭ್ಯಾಸ ಇದೆ. ಸ್ಕ್ಯಾನ್ ಮಾಡಿದ್ದನ್ನೆಲ್ಲ ‘ಆಮೇಲೆ ಸರಿಯಾದ ಜಾಗಕ್ಕೆ ಹಾಕೋಣ’ ಅಂತ ಅಲ್ಲಿ ಬಿಸಾಕುತ್ತೇನೆ. ಲ್ಯಾಪ್‌ಟಾಪ್ ಮುಚ್ಚಿಡುತ್ತಿದ್ದೆನೇ ಹೊರತು ತಿಂಗಳಾದರೂ ಆಫ್ ಮಾಡಿರಲಿಲ್ಲ. ಅಮ್ಮನ ಮನೆ ಕಂದಾಯದ ಹಳೆ ರಸೀದಿಗಳು, ಹನ್ನೊಂದು ಹಾಳೆ, ಅಲ್ಲೇ ಇದ್ದವು. ಬ್ಯಾಕಪ್ ಮಾಡಿದ್ದು ಹೋಮ್ ಮಾತ್ರ ಅಲ್ವಾ?

ಹುಡುಕಿದಾಗ ವಿಷಯ ತಿಳಿಯಿತು. ಟ್ರಿಕ್ಸಿಯಲ್ಲಿ ಟಿಎಂಪಿ ಡಿಸ್ಕ್‌ನಲ್ಲಿ ಇರುವುದಿಲ್ಲ, ರ‍್ಯಾಮ್‌ನಲ್ಲಿ ಇರುತ್ತದೆ. ರ‍್ಯಾಮ್‌ನ ಅರ್ಧದವರೆಗೆ ಬಳಸಬಹುದು. ನನ್ನ 8 ಜಿಬಿಯಲ್ಲಿ 4 ಜಿಬಿ. ಹಳೆ ಫೋಲ್ಡರ್ ಮೇಲೆ ಹೊಸ ಚಾಪೆ ಹಾಸಿದ ಹಾಗೆ. ಕೆಳಗಿನದು ಎಲ್ಲೂ ಹೋಗಿಲ್ಲ, ಕಾಣುತ್ತಿಲ್ಲ ಅಷ್ಟೇ. ‘ಮೌಂಟ್ ಬೈಂಡ್’ ಕಮಾಂಡ್ ಕೊಟ್ಟು ರೂಟ್ ಫೈಲ್‌ಸಿಸ್ಟಂ ಅನ್ನು (ಡಿಸ್ಕ್‌ನಲ್ಲಿರುವ ಮೂಲ ಫೋಲ್ಡರ್ ಮರವನ್ನು) ಎಂಎನ್‌ಟಿ ಎಂಬ ಫೋಲ್ಡರಿನಲ್ಲಿ ಇನ್ನೊಮ್ಮೆ ತೆರೆದೆ. ಅದರೊಳಗಿನ ಟಿಎಂಪಿಯಲ್ಲಿ ಹನ್ನೊಂದೂ ಹಾಳೆ ಇದ್ದವು.

ತಮಾಷೆ ಎಂದರೆ, ಬುಕ್‌ವರ್ಮ್‌ನಲ್ಲೇ ಇದ್ದು ರೀಬೂಟ್ ಮಾಡಿದ್ದರೆ ಅವು ನಿಜಕ್ಕೂ ಹೋಗುತ್ತಿದ್ದವು. ಅಲ್ಲಿ ಬೂಟ್ ಆಗುವಾಗಲೇ ಟಿಎಂಪಿಯನ್ನು ಗುಡಿಸಿ ಹಾಕುತ್ತದೆ. ಈ ಸಲ ಗುಡಿಸಿದ್ದು ಚಾಪೆಯ ಮೇಲಷ್ಟೇ. ರಸೀದಿಗಳನ್ನು ಹೋಮ್‌ಗೆ ಸಾಗಿಸಿ, ಕೆಳಗೆ ಉಳಿದಿದ್ದ 3 ಜಿಬಿ ಕಸವನ್ನು ನಾನೇ ಕೈಯಾರೆ ಅಳಿಸಿದೆ.